ಸೂಜಿ ಚಿಕಿತ್ಸೆಗೆ ಹೊರಡುವ ಮುನ್ನ

ಹಾಲು ಕರೆಯುವ ಕೈಗೆ, ತುದಿಗಾಲಲ್ಲಿ ಕೂರುವ ಮೊಣಕಾಲಿಗೆ, ಸಗಣಿ ಬುಟ್ಟಿ ಹೊರುವ ಸೊಂಟಕ್ಕೆ ನೋವು ಹೊಸದಲ್ಲ. ಕಂಪ್ಲಿ ಕಡೆ ಭತ್ತದ ನಾಟಿಯ ದಿನಗಳಲ್ಲಂತೂ ಬಗ್ಗಿದ ಬೆನ್ನು ಸಂಜೆ ಹಾಲು ಕರೆಯುವ ಹೊತ್ತಿಗೂ ನೆಟ್ಟಗಾಗುವುದಿಲ್ಲ. ನೋವಿನ ಮಾತ್ರೆ ನುಂಗಿ ಹೊಟ್ಟೆ ಉರಿ ಬಂದವರು, ‘ಸೂಜಿ ಚುಚ್ಚಿ ವಾಸಿ ಮಾಡ್ತಾರಂತೆ, ಹೋಗಬಹುದಾ?’ ಎಂದು ಕೇಳುತ್ತಾರೆ. ಹೋಗಬಹುದು. ಆದರೆ ಅಲ್ಲಿ ಏನು ಮಾಡುತ್ತಾರೆ, ಅದರಿಂದ ಎಷ್ಟು ಗುಣ ಸಿಗುತ್ತದೆ ಎಂಬುದು ಮೊದಲೇ ತಿಳಿದಿರಲಿ.

ಆಕ್ಯುಪಂಕ್ಚರ್ ಚೀನಾದ ಹಳೆಯ ಪದ್ಧತಿ. ಸೊಲ್ಲಾಪುರದ ಡಾ. ಕೋಟ್ನಿಸ್ ಜೊತೆ 1938ರಲ್ಲಿ ಚೀನಾಕ್ಕೆ ಹೋಗಿದ್ದ ಡಾ. ಬಿ.ಕೆ. ಬಸು ಮುಂದೆ ಅದನ್ನು ಅಲ್ಲೇ ಕಲಿತು ನಮ್ಮ ದೇಶಕ್ಕೆ ತಂದರು. ಕೇಂದ್ರ ಸರ್ಕಾರ 2019ರಲ್ಲಿ ಇದಕ್ಕೆ ಮಾನ್ಯತೆ ಕೊಟ್ಟಿದೆ.

ಈ ಸೂಜಿ ಇಂಜೆಕ್ಷನ್ ಸೂಜಿಯಂತಲ್ಲ. ಕೂದಲೆಳೆಯಷ್ಟು ಸಣ್ಣದು, ಒಳಗೆ ತೂತಿಲ್ಲ, ಔಷಧವೂ ಇಲ್ಲ. ಬರೆ ಹಾಕಿಸಿಕೊಂಡ ನೆನಪಿನಿಂದ ಹೆದರಬೇಡಿ. ಚುಚ್ಚುವಾಗ ಇರುವೆ ಕಚ್ಚಿದಷ್ಟು ನೋವು, ಆಮೇಲೆ ಆ ಜಾಗ ಭಾರವಾದಂತೆ, ಜುಮ್ಮೆಂದಂತೆ ಆಗುತ್ತದೆ. ಸಾಮಾನ್ಯವಾಗಿ 15ರಿಂದ 30 ನಿಮಿಷ ಸೂಜಿ ಹಾಗೇ ಬಿಟ್ಟು ಮಲಗಿಸುತ್ತಾರೆ. ತೆಗೆದ ಮೇಲೆ ಒಂದು ಹನಿ ರಕ್ತ, ಸಣ್ಣ ಕಂದಿದ ಕಲೆ ಕಾಣಬಹುದು. ಎದೆ, ಬೆನ್ನಿಗೆ ಚುಚ್ಚಿಸಿಕೊಂಡ ಮೇಲೆ ಉಸಿರು ಹಿಡಿದರೆ, ಎದೆ ನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಇದು ಅಪರೂಪ, ಆದರೆ ಅಪಾಯ.

ಒಂದೇ ಸಲಕ್ಕೆ ಗುಣ ನಿರೀಕ್ಷಿಸಬೇಡಿ. ಬಹಳ ದಿನದ ಸೊಂಟ ನೋವು, ಮೊಣಕಾಲು ನೋವು, ಪದೇಪದೇ ಬರುವ ತಲೆನೋವು ಕೆಲವರಿಗೆ ಇದರಿಂದ ಸ್ವಲ್ಪ ಇಳಿಯುತ್ತದೆ. ಸವೆದ ಕೀಲು ಮಾತ್ರ ಮೊದಲಿನಂತಾಗುವುದಿಲ್ಲ. ಐದಾರು ಸಲ ಹೋದರೂ ವ್ಯತ್ಯಾಸ ಕಾಣದಿದ್ದರೆ ಮತ್ತೆ ದುಡ್ಡು ಸುರಿಯಬೇಡಿ.

ಹೈನು ಮಾಡುವವರು ಮರೆಯಬಾರದ ಇನ್ನೊಂದು ವಿಷಯವಿದೆ. ಕೀಲು, ಬೆನ್ನು ನೋವಿನ ಜೊತೆ ಬಂದು ಹೋಗುವ ಜ್ವರ, ರಾತ್ರಿ ಬೆವರು ಇದ್ದರೆ ಅದು ದುಡಿಮೆಯ ನೋವಲ್ಲದೆ ಬ್ರುಸೆಲ್ಲಾ ಇರಬಹುದು. ಕಂದು ಹಾಕಿದ ಹಸು, ಎಮ್ಮೆಯ ಮಾಸು ಬರಿಗೈಯಲ್ಲಿ ಎತ್ತಿದವರಿಗೆ, ಹಸಿ ಹಾಲು ಕುಡಿದವರಿಗೆ ಇದು ಅಂಟುತ್ತದೆ. ಸೂಜಿಯಿಂದ ನೋವು ತುಸು ತಗ್ಗೀತು, ರೋಗ ಒಳಗೇ ಉಳಿದೀತು. ಇದಕ್ಕೆ ಕನಿಷ್ಠ ಆರು ವಾರ ಔಷಧ ಬೇಕು. ಹೊಸಪೇಟೆ, ಸಂಡೂರು, ಕಂಪ್ಲಿ, ಎಲ್ಲೇ ಇರಲಿ, ಮೊದಲು ಸರ್ಕಾರಿ ಆಸ್ಪತ್ರೆಯ ವೈದ್ಯರಿಗೆ ತೋರಿಸಿ. ‘ನಮ್ಮ ಮನೆಯಲ್ಲಿ ದನ ಇದೆ’ ಎಂದು ನೀವೇ ಬಾಯಿಬಿಟ್ಟು ಹೇಳಿ, ರಕ್ತ ಪರೀಕ್ಷೆ ಬೇಕೇ ಎಂದು ಕೇಳಿ.

ಹಂಪಿಯಂಥ ಪ್ರವಾಸಿಗರ ಊರಲ್ಲಿ ಬೋರ್ಡು ಹಾಕಿಕೊಳ್ಳುವುದು ಸುಲಭ. ಏನು ಓದಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಪ್ರಕೃತಿ ಚಿಕಿತ್ಸೆಯ ಬಿ.ಎನ್.ವೈ.ಎಸ್. ಪದವೀಧರರು ಐದೂವರೆ ವರ್ಷ ಕಲಿತಿರುತ್ತಾರೆ, ಅದರಲ್ಲಿ ಇದೂ ಒಂದು ಪಾಠ. ಸೂಜಿಯ ಪೊಟ್ಟಣ ನಿಮ್ಮ ಕಣ್ಣೆದುರೇ ಒಡೆಯಬೇಕು, ಒಬ್ಬರಿಗೆ ಬಳಸಿದ್ದು ಇನ್ನೊಬ್ಬರಿಗೆ ಬೇಡ. ಬಸುರಿಯಾಗಿದ್ದರೆ, ರಕ್ತ ತೆಳುವಾಗುವ ಮಾತ್ರೆ ನುಂಗುತ್ತಿದ್ದರೆ, ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ ಮುಂಚೆಯೇ ತಿಳಿಸಿ. ಸಕ್ಕರೆ ಕಾಯಿಲೆ ಅಥವಾ ಬಿ.ಪಿ. ಮಾತ್ರೆ ನಿಲ್ಲಿಸಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ.

ಬೆಳಗಿನ ಹಾಲು ಹಾಕಿ ಬರೀ ಚಹಾ ಕುಡಿದು ಬಸ್ಸು ಹತ್ತಬೇಡಿ, ಖಾಲಿ ಹೊಟ್ಟೆಯಲ್ಲಿ ತಲೆ ಸುತ್ತುತ್ತದೆ. ರೊಟ್ಟಿ ತಿಂದೇ ಹೊರಡಿ. ಆ ದಿನ ಸಂಜೆ ಹಾಲು ಕರೆಯಲು ಮನೆಯಲ್ಲಿ ಇನ್ನೊಬ್ಬರಿಗೆ ಹೇಳಿಟ್ಟಿರಿ.