ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ: ದೂರ ಎಷ್ಟು? ಹೊತ್ತು ಎಷ್ಟು?



ಗೋಡೆಯ ಪ್ರಪಂಚ ನಕಾಶೆಯ ಮುಂದೆ ಮಕ್ಕಳನ್ನು ನಿಲ್ಲಿಸಿ, "ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ವಿಮಾನ ಯಾವ ದಾರಿಯಲ್ಲಿ ಹೋದರೆ ಹತ್ತಿರ?" ಅಂತ ಕೇಳಿ ನೋಡಿ. ಹೆಚ್ಚಿನವರು ಸ್ಕೇಲ್ ಇಟ್ಟು ಪಶ್ಚಿಮಕ್ಕೆ ಗೆರೆ ಎಳೆಯುತ್ತಾರೆ: ಅರಬ್ಬೀ ಸಮುದ್ರ, ಸಹಾರಾ, ಅಟ್ಲಾಂಟಿಕ್, ಅಮೆರಿಕ. ನನ್ನ ಒಂಬತ್ತನೇ ತರಗತಿಯಲ್ಲಿ ಒಬ್ಬ ಹುಡುಗಿ ಮಾತ್ರ ಬೆರಳನ್ನು ಮೇಲಕ್ಕೆ, ಸೈಬೀರಿಯಾದ ಕಡೆ ಓಡಿಸಿದಳು. ಎಲ್ಲರೂ ನಕ್ಕರು. ನಾನೂ "ತಪ್ಪು, ಕೂತ್ಕೋ" ಅಂದುಬಿಟ್ಟೆ. ತಪ್ಪಿದ್ದು ನಾನು.

ಭೂಮಿ ಗೋಳ, ನಕಾಶೆ ಚಪ್ಪಟೆ. ಚಪ್ಪಟೆ ಹಾಳೆಯ ನೇರ ಗೆರೆ ಗೋಳದ ಮೇಲೆ ಹತ್ತಿರದ ದಾರಿ ಆಗಬೇಕಿಲ್ಲ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಮಾಡಿಸಿ ತೋರಿಸಿ. 30 ಸೆಂ.ಮೀ. ವ್ಯಾಸದ ಭೂಗೋಳದ ಸುತ್ತಳತೆ ಸುಮಾರು 94 ಸೆಂ.ಮೀ. ಅದು ಭೂಮಿಯ 40,000 ಕಿ.ಮೀ.ಗೆ ಸಮ. ಎರಡೂ ಊರುಗಳ ನಡುವೆ ದಾರವನ್ನು ಬಿಗಿಯಾಗಿ ಹಿಡಿದರೆ ಅದು ತಾನಾಗಿಯೇ ಉತ್ತರಕ್ಕೆ ಸರಿದು ಸೈಬೀರಿಯಾ, ಅಲಾಸ್ಕಾದ ಕಡೆ ಕೂರುತ್ತದೆ. ಅಳೆದರೆ ಸುಮಾರು 33 ಸೆಂ.ಮೀ., ಅಂದರೆ 14,000 ಕಿ.ಮೀ. ಸಹಾರಾದ ದಾರಿಯಲ್ಲಿ ದಾರ ಇಟ್ಟರೆ ಸುಮಾರು 47 ಸೆಂ.ಮೀ., ಅಂದರೆ 20,000 ಕಿ.ಮೀ.! ಹತ್ತಿರದ ಈ ದಾರಿಗೆ ಮಹಾವೃತ್ತದ ದಾರಿ ಅಂತ ಹೆಸರು.

2021ರ ಜನವರಿಯಲ್ಲಿ ಈ ಎರಡು ಊರುಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಉತ್ತರ ಧ್ರುವದ ಮೇಲಾಗಿಯೇ ಬಂತು. ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಜೊತೆಯ ಪೈಲಟ್‌ಗಳೆಲ್ಲ ಮಹಿಳೆಯರು. ಗಾಳಿಯ ದಿಕ್ಕು, ವೇಗ ನೋಡಿಕೊಂಡು ದಾರಿ ದಿನದಿನಕ್ಕೆ ಸ್ವಲ್ಪ ಅತ್ತಿತ್ತ ಆಗುತ್ತದೆ.

ಇನ್ನು ಹೊತ್ತಿನ ಲೆಕ್ಕ. ಗಂಟೆಗೆ 900 ಕಿ.ಮೀ. ವೇಗಕ್ಕೆ 14,000 ಕಿ.ಮೀ. ದಾಟಲು ಹದಿನೈದೂವರೆ ಗಂಟೆ ಸಾಕು. ಆದರೆ ಏರುವುದು, ಇಳಿಯುವುದು, ದಾರಿಯ ಬಳಸು ಎಲ್ಲ ಸೇರಿ ಸುಮಾರು 17 ಗಂಟೆ ಹಿಡಿಯುತ್ತದೆ.

ಮಕ್ಕಳು ಎಡವುವುದು ಗಡಿಯಾರದಲ್ಲಿ. ಆ ವಿಮಾನ ಅಲ್ಲಿಂದ ಹೊರಟದ್ದು 9ರ ರಾತ್ರಿ ಸುಮಾರು ಎಂಟೂವರೆಗೆ. ಬೆಂಗಳೂರು ಮುಟ್ಟಿದ್ದು 11ರ ನಸುಕಿನ ಮೂರು ಗಂಟೆ ಕಳೆದ ಮೇಲೆ. ಸುಮ್ಮನೆ ಕಳೆದರೆ 30 ಗಂಟೆಗೂ ಹೆಚ್ಚು! ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ. ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುವುದರಿಂದ ಹನ್ನೆರಡೂವರೆ. ಅದನ್ನು ಕಳೆದರೆ ಸರಿಯಾಗಿ 17ರ ಹತ್ತಿರ ಬರುತ್ತದೆ.

ಮನೆಗೆಲಸಕ್ಕೆ ಇದನ್ನು ಕೊಡಿ: ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು 17 ಗಂಟೆ ಹಾರಿದರೆ ಅಲ್ಲಿ ಇಳಿಯುವಾಗ ಎಷ್ಟು ಗಂಟೆ? ಅದೇ ದಿನ ಸಂಜೆ ಐದೂವರೆ.

ಮರುದಿನ ಭೂಗೋಳ ತಂದು, ಆ ಹುಡುಗಿಯ ಕೈಯಲ್ಲೇ ದಾರ ಹಿಡಿಸಿದೆ. ಅಳೆದದ್ದು ನಕ್ಕವರು. "ತಪ್ಪು" ಅನ್ನುವ ಮೊದಲು ಒಂದು ದಾರ ಹುಡುಕೋಣ.