ಕಂಡದ್ದು ಕಂಡಲ್ಲೇ

ಸ್ಪೇನ್ ಮೂಲದ ಪತ್ರಿಕಾ ಚಿತ್ರಕಾರ ಗೇಬ್ರಿಯಲ್ ಕಂಪನಾರಿಯೊ 2006ರಲ್ಲಿ ಅಮೆರಿಕದ ಸಿಯಾಟಲ್‌ಗೆ ಬಂದಾಗ ಊರು ಹೊಸದು. ಅದನ್ನು ಪರಿಚಯ ಮಾಡಿಕೊಳ್ಳಲು ಆತ ಕೈಗೆತ್ತಿಕೊಂಡದ್ದು ಸ್ಕೆಚ್‌ಬುಕ್. ಕೆಲಸಕ್ಕೆ ಹೋಗಿಬರುವ ದಾರಿಯಲ್ಲಿ ಕಂಡದ್ದನ್ನೆಲ್ಲ ಬರೆದ, ಬರೆದದ್ದನ್ನು ಅಂತರ್ಜಾಲಕ್ಕೇರಿಸಿದ. ತನ್ನಂಥ ಹುಚ್ಚಿನವರು ಇನ್ನೂ ಇದ್ದಾರೆಂದು ತಿಳಿದಾಗ, 2007ರ ನವೆಂಬರ್‌ನಲ್ಲಿ ಫ್ಲಿಕರ್ ತಾಣದಲ್ಲಿ ಅವರಿಗೊಂದು ಅಂಗಳ ತೆರೆದ. ಅದೇ 'ಅರ್ಬನ್ ಸ್ಕೆಚರ್ಸ್'.

ಬಳಗಕ್ಕೆ ಎಂಟು ಸೂತ್ರಗಳಿವೆ. ಚಿತ್ರವನ್ನು ಸ್ಥಳದಲ್ಲೇ, ಕಣ್ಣಾರೆ ನೋಡಿ ಬರೆಯಬೇಕು, ಕಂಡ ದೃಶ್ಯಕ್ಕೆ ನಿಷ್ಠವಾಗಿರಬೇಕು, ಕೂಡಿ ಬರೆಯಬೇಕು, ಬರೆದದ್ದನ್ನು ಅಂತರ್ಜಾಲದಲ್ಲಿ ಹಂಚಿಕೊಳ್ಳಬೇಕು. ಸಾಮಗ್ರಿಗೆ ಮಾತ್ರ ಯಾವ ಕಟ್ಟುಪಾಡೂ ಇಲ್ಲ. ಬಾರ್ಸಿಲೋನಾದಲ್ಲಿ ನೆಲೆಸಿದ ಫ್ರೆಂಚ್ ಕಲಾವಿದ ಲಾಪಿನ್ ಬರೆಯುವುದು ಹಳೆಯ ಲೆಕ್ಕದ ಪುಸ್ತಕಗಳಲ್ಲಿ; ಅಂಕಣದ ಗೆರೆಗಳ ಮೇಲೆಯೇ ಕಾರು, ಕಟ್ಟಡ, ಮುಖಗಳು ಮೂಡುತ್ತವೆ.

ಫೋಟೊ ನೋಡಿಕೊಂಡು ಮನೆಯಲ್ಲಿ ಕೂತು ಬರೆದದ್ದು ಎಷ್ಟೇ ಚೆಂದವಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ.

ಇದು ಹಟವೆನಿಸಬಹುದು. ಆದರೆ ಬೀದಿಯಲ್ಲಿ ಕೂತವರಿಗೇ ಅದರ ಬೆಲೆ ಗೊತ್ತು. ಬಿಸಿಲು ಸರಿದಂತೆ ನೆರಳು ಸರಿಯುತ್ತದೆ, ಅರ್ಧ ಬರೆದ ಆಟೊ ಹೊರಟುಹೋಗುತ್ತದೆ, ಬೆನ್ನ ಹಿಂದೆ ಇಣುಕುವವರು ಸಲಹೆ ಕೊಡುತ್ತಾರೆ. ಈ ಅವಸರ, ಅಡಚಣೆಗಳೆಲ್ಲ ಗೆರೆಯಲ್ಲಿ ಉಳಿಯುತ್ತವೆ. ಪುಟದ ಅಂಚಿನಲ್ಲಿ ದಿನಾಂಕ, ಸ್ಥಳ, ಕಿವಿಗೆ ಬಿದ್ದ ಒಂದು ಮಾತು ಸೇರಿದರೆ ಚಿತ್ರ ವರದಿಯೂ ಆಗುತ್ತದೆ. ಕಂಪನಾರಿಯೊ ಮೂಲತಃ ಪತ್ರಕರ್ತ ಎಂಬುದು ಇಲ್ಲಿ ಕಾಣುತ್ತದೆ. 'ಸಿಯಾಟಲ್ ಟೈಮ್ಸ್'ನಲ್ಲಿ ಇಂಥ ಚಿತ್ರಗಳದೇ ಅಂಕಣವನ್ನು ಆತ ವರ್ಷಗಟ್ಟಲೆ ನಡೆಸಿದ.

2010ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಮೊದಲ ಸಮಾವೇಶ ನಡೆಯಿತು. ಮುಂದೆ ಲಿಸ್ಬನ್, ಸಿಂಗಪುರ, ಆಮ್‌ಸ್ಟರ್‌ಡ್ಯಾಮ್. ಕೂಟ ಎಲ್ಲೇ ನಡೆಯಲಿ, ಕೊನೆಗೆ ಎಲ್ಲರ ಪುಸ್ತಕಗಳನ್ನೂ ನೆಲದ ಮೇಲೆ ಹರವಿ, ಸುತ್ತ ನಿಂತು ನೋಡುವ ರೂಢಿಯಿದೆ. ನುರಿತವರ ಪುಟದ ಪಕ್ಕದಲ್ಲೇ ಹೊಸಬರ ವಕ್ರ ಗೋಡೆಯೂ ಇರುತ್ತದೆ. ಪರದೆಯ ಮೇಲಿನ ಮೆಚ್ಚುಗೆಗಿಂತ ಈ ನೋಟ ಹೆಚ್ಚು ಕಲಿಸುತ್ತದೆ ಎನ್ನಲು ಅಡ್ಡಿಯಿಲ್ಲ.

ನಮ್ಮ ಬೆಂಗಳೂರಿನಲ್ಲೂ 'ಪೆನ್ಸಿಲ್‌ಜ್ಯಾಮ್' ಎಂಬ ಬಳಗ ವಾರಾಂತ್ಯಗಳಲ್ಲಿ ಹೀಗೆ ಕೂಡಿ ಬರೆಯುವುದನ್ನು ರೂಢಿಗೆ ತಂದಿದೆ. ಚಿತ್ರ ಬರೆಯಲು ಬಾರದೆಂಬ ಅಳುಕಿದ್ದವರೂ ಒಂದು ನೋಟ್‌ಬುಕ್, ಒಂದು ಬಾಲ್‌ಪೆನ್ ಹಿಡಿದು ತಮ್ಮ ಬೀದಿಯ ಬಸ್ ನಿಲ್ದಾಣದಿಂದಲೇ ಶುರು ಮಾಡಬಹುದು.