ರೋಹತಾಂಗದ ಆಚೆಯ ಸಂಸಾರ

ಹಿಮಾಚಲ ಪ್ರದೇಶದ ಲಾಹೌಲ್ ಸೀಮೆಯ ಹೆಂಗಸರು ಹೆಣೆಯುವ ಉಣ್ಣೆಯ ಕಾಲುಚೀಲಗಳನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಬಣ್ಣಬಣ್ಣದ ಚಿತ್ತಾರಗಳಿಂದ ಕೂಡಿದ ಆ ಚೀಲಗಳು ಈಗ ಆ ಪ್ರಾಂತದ ಗುರುತೇ ಆಗಿಬಿಟ್ಟಿವೆ. ಆದರೆ ಆ ಹೆಣಿಗೆಯನ್ನು ಅಲ್ಲಿ ಕಲಿಸಿದವಳು ಒಬ್ಬ ಜರ್ಮನ್ ಪಾದ್ರಿಯ ಹೆಂಡತಿ ಎಂಬುದೂ, ಆ ಪಾದ್ರಿಯು ಲಾಹೌಲಿಗೆಂದು ಹೊರಟವನೇ ಅಲ್ಲವೆಂಬುದೂ ಬಹುಮಂದಿಗೆ ತಿಳಿಯದು.

ಸ್ಯಾಕ್ಸನಿಯ ಹೆರ್ನ್‌ಹುಟ್ ಎಂಬ ಊರಿನ ಮೊರೇವಿಯನ್ ಸಭೆಯವರು ಮಂಗೋಲಿಯಾ ದೇಶದಲ್ಲಿ ಸುವಾರ್ತೆಯನ್ನು ಸಾರುವುದಕ್ಕೆ ಹೈಡೆ, ಪಾಗೆಲ್ ಎಂಬಿಬ್ಬರನ್ನು ನೇಮಿಸಿದರು. ರಷ್ಯದ ಸರ್ಕಾರವು ತನ್ನ ನೆಲದ ಮೇಲೆ ದಾರಿ ಕೊಡಲೊಲ್ಲದೆ ಹೋದುದರಿಂದ ಅವರು ೧೮೫೩ರಲ್ಲಿ ಹಡಗನ್ನೇರಿ ಹಿಂದೂಸ್ಥಾನಕ್ಕೆ ಬಂದು, ಹಿಮಾಲಯವನ್ನು ದಾಟಿ ಟಿಬೆಟ್ಟಿನ ಮಾರ್ಗವಾಗಿ ಹೋಗುವೆವೆಂದು ಎಣಿಸಿದರು. ಭೂಪಟದ ಮೇಲೆ ಬೆರಳಿಟ್ಟು ನೋಡುವವರಿಗೆ ಇದು ಸುಲಭವೇ ಸರಿ! ೧೮೫೫ರಲ್ಲಿ ಲಡಾಖಿನವರೆಗೂ ಹೋದರು. ಟಿಬೆಟ್ಟಿನ ಗಡಿಯಲ್ಲಿ ಅವರನ್ನು ಒಳಕ್ಕೆ ಬಿಡಲಿಲ್ಲ. ಬಾಗಿಲು ತೆರೆಯುವ ತನಕ ಹೊಸ್ತಿಲ ಬಳಿಯಲ್ಲಾದರೂ ಕಾದಿರೋಣವೆಂದು ೧೮೫೬ರಲ್ಲಿ ಲಾಹೌಲಿನ ಕೇಲಾಂಗ್ ಎಂಬ ಹಳ್ಳಿಯಲ್ಲಿ ಮನೆ ಕಟ್ಟಿದರು. ಆ ಬಾಗಿಲು ಅವರ ಪಾಲಿಗೆ ತೆರೆಯಲೇ ಇಲ್ಲ.

ಕೇಲಾಂಗಿಗೆ ಕುಲ್ಲೂವಿನ ಕಡೆಯಿಂದ ಹೋಗಬೇಕಾದರೆ ಸುಮಾರು ೧೩,೦೦೦ ಅಡಿ ಎತ್ತರದ ರೋಹತಾಂಗ ಕಣಿವೆಯನ್ನು ಏರಿ ಇಳಿಯಬೇಕಾಗಿತ್ತು. ಆ ಹೆಸರಿಗೆ ಹೆಣಗಳ ರಾಶಿಯೆಂದು ಅರ್ಥ ಹೇಳುವುದುಂಟು. ವರ್ಷದಲ್ಲಿ ಅರ್ಧ ಕಾಲ ಹಿಮವು ದಾರಿಯನ್ನು ಮುಚ್ಚುವುದು. ಆಗ ಕಾಗದವೂ ಇಲ್ಲ, ವೈದ್ಯನೂ ಇಲ್ಲ. ಅದರ ಕೆಳಗೆ ಸುಮಾರು ೯ ಕಿಲೋಮೀಟರು ಉದ್ದದ ಸುರಂಗವು ತೆರೆದುದು ೨೦೨೦ರಲ್ಲಿ.

೧೮೫೯ರಲ್ಲಿ ಮೂವರು ವಧುಗಳು ಜರ್ಮನಿಯಿಂದ ಈ ದಾರಿಯನ್ನು ಹಿಡಿದು ಬಂದರು. ಹೈಡೆಗೆಂದು ಬಂದವಳು ಮರಿಯಾ ಹಾರ್ಟ್‌ಮನ್. ಅವಳು ಹುಟ್ಟಿದ್ದು ದಕ್ಷಿಣ ಅಮೆರಿಕದ ಸೂರಿನಾಮಿನಲ್ಲಿ, ಬೆಂಕಿಯಂಥ ಬಿಸಿಲಿನ ನಾಡಿನಲ್ಲಿ. ವರನು ಅವಳಿಗೆ ಅಪರಿಚಿತ. ನಮ್ಮ ಅಜ್ಜಿಯರೂ ಮುಖ ನೋಡದೆಯೇ ಧಾರೆಗೆ ನಿಂತವರು ನಿಜ. ಆದರೆ ಅವರು ಅದಕ್ಕಾಗಿ ಸಮುದ್ರವನ್ನೂ ಹಿಮದ ಗೋಡೆಯನ್ನೂ ದಾಟಬೇಕಾಗಿರಲಿಲ್ಲ.

ಲಾಹೌಲಿನವರು ನೂಲುವುದನ್ನೂ ನೇಯುವುದನ್ನೂ ಬಲ್ಲವರು. ಕಡ್ಡಿಯಿಂದ ಹೆಣೆಯುವುದು ಮಾತ್ರ ಅವರಿಗೆ ಹೊಸತು. ಮರಿಯಾ ಊರಿನ ಹೆಂಗಸರನ್ನೂ ಹುಡುಗಿಯರನ್ನೂ ಕೂಡಿಸಿ ಹೆಣಿಗೆಯ ಶಾಲೆಯನ್ನು ನಡೆಸಿದಳು. ಆಲೂಗಡ್ಡೆಯ ಬೇಸಾಯವನ್ನು ಅಲ್ಲಿಗೆ ತಂದವರೂ ಈ ಪಾದ್ರಿಗಳೇ. ಗುಡ್ಡದ ಜನರು ಕಾಲುಚೀಲವನ್ನೂ ಆಲೂಗಡ್ಡೆಯನ್ನೂ ಸಂತೋಷದಿಂದ ಸ್ವೀಕರಿಸಿದರು. ಮತವನ್ನು ಮಾತ್ರ ಒಲ್ಲೆವೆಂದರು. ಕ್ರೈಸ್ತರಾದವರು ಬಹು ಸ್ವಲ್ಪ, ಅವರಲ್ಲಿಯೂ ಅನೇಕರು ಲಡಾಖಿನಿಂದ ಬಂದವರು. ಇದನ್ನು ನಾವು ಅಪಹಾಸ್ಯಕ್ಕಾಗಿ ಹೇಳುತ್ತಿಲ್ಲ. ತಮ್ಮ ಹಿರಿಯರ ಧರ್ಮದಲ್ಲಿ ನೆಮ್ಮದಿಯಾಗಿದ್ದವರು ಅದನ್ನು ಬಿಡಲಿಲ್ಲವೆಂದರೆ ಅವರಲ್ಲಿ ದೋಷವೇನಿದೆ?

ಆದರೆ ಈ ಕೆಲಸಕ್ಕೆ ತೆತ್ತ ಬೆಲೆಯನ್ನು ನೆನೆದರೆ ಮನಸ್ಸು ಕಲಕುತ್ತದೆ. ಮರಿಯಾಳ ಮಕ್ಕಳಲ್ಲಿ ಕೆಲವರು ಎಳವೆಯಲ್ಲಿಯೇ ತೀರಿಕೊಂಡರು. ಉಳಿದವರನ್ನು ಪಾದ್ರಿಗಳ ರೂಢಿಯಂತೆ ಓದಿಗಾಗಿ ಜರ್ಮನಿಗೆ ಕಳುಹಬೇಕಾಯಿತು. ತಂದೆತಾಯಿಗಳು ವ್ರತ ಹಿಡಿಯಬಹುದು. ಮಗುವಿನ ಪರವಾಗಿ ಹಿಡಿಯಬಹುದೇ? ನಾವು ಎಷ್ಟು ಯೋಚಿಸಿದರೂ ಇದಕ್ಕೆ ಉತ್ತರ ಹೊಳೆಯಲಿಲ್ಲ.

ಪಾಗೆಲನು ೧೮೬೫ರಲ್ಲಿ ಟಿಬೆಟ್ಟಿನ ಗಡಿಗೆ ಇನ್ನೂ ಹತ್ತಿರವಾದ ಪೂ ಎಂಬ ಹಳ್ಳಿಗೆ ಹೋಗಿ, ೧೮೮೩ರಲ್ಲಿ ಅಲ್ಲಿಯೇ ಮಡಿದನು. ಅವನ ಹೆಂಡತಿಯೂ ಅದೇ ವರ್ಷ ತೀರಿಕೊಂಡಳು. ೧೮೫೭ರಲ್ಲಿ ಬಂದು ಸೇರಿದ್ದ ಯೆಷ್ಕೆ ಎಂಬ ವಿದ್ವಾಂಸನ ಟಿಬೆಟನ್-ಇಂಗ್ಲಿಷ್ ನಿಘಂಟು ೧೮೮೧ರಲ್ಲಿ ಹೊರಬಿತ್ತು. ೧೮೯೪ರಲ್ಲಿ ಅಚ್ಚಾದ ನಮ್ಮ ಕಿಟ್ಟೆಲರ ನಿಘಂಟನ್ನು ಬಲ್ಲ ಕನ್ನಡಿಗರಿಗೆ ಇಂಥ ಪರಿಶ್ರಮದ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಹೈಡೆ ದಂಪತಿಗಳು ೧೮೯೮ರವರೆಗೆ ಕೇಲಾಂಗಿನಲ್ಲಿಯೇ ಇದ್ದರು. ೧೯೦೩ರಲ್ಲಿ ಮುದುಕ ಮುದುಕಿಯರು ಸ್ವದೇಶಕ್ಕೆ ಹಡಗು ಹತ್ತಿದರು. ಗಂಡನಿಗೆ ಅದು ಬಂದ ಐವತ್ತನೆಯ ವರ್ಷ, ಹೆಂಡತಿಗೆ ನಲವತ್ತನಾಲ್ಕನೆಯದು. ನಡುವೆ ಒಮ್ಮೆಯಾದರೂ ಅವರು ಯೂರೋಪನ್ನು ಕಂಡಿರಲಿಲ್ಲ. ಹೈಡೆಯು ೧೯೦೭ರಲ್ಲಿ ಕಾಲವಾದನು. ಇಬ್ಬರ ಬಾಳಿನ ಕಥೆಯನ್ನು ಅವರ ಮಗನಾದ ಗೆರ್ಹಾರ್ಡನೇ ಬರೆದು ೧೯೨೧ರಲ್ಲಿ ಪ್ರಕಟಿಸಿದನು.